ದೊಡ್ಡ ಕರುಳಿಗೆ ನೋವು ಗೊತ್ತಾಗೋದು ಎಲ್ಲಿ?

ನಾನು ಹೈದರಾಬಾದಿನಲ್ಲಿ ಹೊಟ್ಟೆ-ಕರುಳಿನ ವೈದ್ಯ. ನನ್ನ ಹತ್ರ ಬರೋ ನಮ್ಮ ಕಡೆಯ ಐಟಿ ಹುಡುಗರು ಸಾಮಾನ್ಯವಾಗಿ ಹೇಳೋ ಮಾತು: "ಡಾಕ್ಟ್ರೇ, ಟಾಯ್ಲೆಟ್‌ನಲ್ಲಿ ಸ್ವಲ್ಪ ರಕ್ತ ಹೋಗ್ತಿದೆ, ನೋವೇನಿಲ್ಲ. ಇಲ್ಲಿಯ ಖಾರಕ್ಕೆ ಉಷ್ಣ ಆಗಿರ್ಬೇಕು." ಈ "ನೋವೇನಿಲ್ಲ" ಅನ್ನೋದನ್ನೇ ಇವತ್ತು ಬಿಡಿಸಿ ನೋಡೋಣ.

ಕೂತಲ್ಲೇ ಹೊಟ್ಟೆಯ ಕೆಳಗೆ ಬಲಭಾಗದಲ್ಲಿ ಕೈ ಇಡಿ. ಸಣ್ಣ ಕರುಳು ದೊಡ್ಡ ಕರುಳಿಗೆ ಸೇರೋದು ಇಲ್ಲೇ. ಈ ಚೀಲದಂಥ ಭಾಗಕ್ಕೆ ಸೀಕಂ ಅಂತಾರೆ. ಅಪೆಂಡಿಕ್ಸ್ ಅಂಟಿಕೊಂಡಿರೋದು ಇದಕ್ಕೇ. ಕೈಯನ್ನು ಮೇಲಕ್ಕೆ ಲಿವರ್ ತನಕ ತನ್ನಿ, ಎಡಕ್ಕೆ ತಿರುಗಿಸಿ ಹೊಟ್ಟೆ ದಾಟಿಸಿ, ಆಮೇಲೆ ಕೆಳಕ್ಕೆ ಇಳಿಸಿ. ಕೊನೆಗೆ ಎಸ್ ಆಕಾರದ ಸಿಗ್ಮಾಯ್ಡ್, ನಂತರ ಗುದನಾಳ. ಒಟ್ಟು ಸುಮಾರು 1.5 ಮೀಟರ್. ಸಣ್ಣ ಕರುಳು ಇದಕ್ಕಿಂತ ಎಷ್ಟೋ ಉದ್ದ. "ದೊಡ್ಡ" ಅನ್ನೋ ಹೆಸರು ಅಗಲಕ್ಕೆ ಬಂದದ್ದು.

ದಿನಕ್ಕೆ ಸುಮಾರು ಒಂದೂವರೆ ಲೀಟರ್ ದ್ರವ ಇಲ್ಲಿಗೆ ಬರುತ್ತೆ. ಹೊರಗೆ ಹೋಗೋದು 100-200 ಮಿಲಿಲೀಟರ್ ಅಷ್ಟೇ. ಉಳಿದದ್ದನ್ನು ಕರುಳು ಹೀರಿಕೊಳ್ಳುತ್ತೆ. ಹಾಗಾಗಿ ಬಲಭಾಗದಲ್ಲಿ ಇರೋದು ತೆಳ್ಳಗೆ, ಎಡಕ್ಕೆ ಬರೋ ಹೊತ್ತಿಗೆ ಗಟ್ಟಿ. ಬಲಭಾಗ ಅಗಲವೂ ಹೌದು. ಅಲ್ಲಿ ಗಡ್ಡೆ ಬೆಳೆದರೆ ದಾರಿ ಬೇಗ ಕಟ್ಟಲ್ಲ, ಜಿನುಗೋ ರಕ್ತ ಕಣ್ಣಿಗೆ ಕಾಣದೇ ಇರಬಹುದು. ಹಿಮೋಗ್ಲೋಬಿನ್ ಇಳಿಯುತ್ತೆ, ಸುಸ್ತಾಗುತ್ತೆ. ನಾವು ಅದನ್ನ ನೈಟ್ ಶಿಫ್ಟ್ ತಲೆಗೆ ಕಟ್ತೀವಿ. ಎಡಭಾಗ ಕಿರಿದು. ಅಲ್ಲಿ ಗಡ್ಡೆ ಆದ್ರೆ ಮಲಬದ್ಧತೆ, ತೆಳುವಾದ ಮಲ, ಕಣ್ಣಿಗೆ ಕಾಣೋ ರಕ್ತ.

ಈಗ ನೋವಿನ ವಿಷಯ. ಗುದದ್ವಾರದಿಂದ ಸುಮಾರು 2 ಸೆಂಟಿಮೀಟರ್ ಒಳಗೆ ಒಂದು ಗಡಿ ಇದೆ, ಡೆಂಟೇಟ್ ಲೈನ್ ಅಂತ. ಅದರ ಕೆಳಗೆ ಚರ್ಮದಂಥ ನರಗಳು. ಚಿಕ್ಕ ಸೀಳು ಬಿಟ್ಟರೂ ಜೀವ ಹೋದಂಗಾಗುತ್ತೆ. ಮೇಲಿನ ಕರುಳಿಗೆ ಗ್ಯಾಸ್ ತುಂಬಿ ಹಿಗ್ಗಿದ್ರೆ ಗೊತ್ತಾಗುತ್ತೆ, ಕತ್ತರಿಸಿದ್ರೆ ಗೊತ್ತಾಗಲ್ಲ. ಕೊಲೊನೊಸ್ಕೋಪಿಯಲ್ಲಿ ಪಾಲಿಪ್ ಕತ್ತರಿಸಿದಾಗ ಆ ಜಾಗ ನೋಯದೇ ಇರೋದು ಇದಕ್ಕೇ. ಒಳಗಿನ ಪೈಲ್ಸ್, ಪಾಲಿಪ್, ಕ್ಯಾನ್ಸರ್, ಈ ಮೂರೂ ನೋವಿಲ್ಲದೆ ರಕ್ತ ಸುರಿಸಬಲ್ಲವು.

ಹೆದರಿಸೋಕೆ ಹೇಳ್ತಿಲ್ಲ. ಚಿಕ್ಕ ವಯಸ್ಸಿನವರಲ್ಲಿ ಬಹುಪಾಲು ಸಲ ಅದು ಪೈಲ್ಸ್ ಅಥವಾ ಸೀಳು. ಆದರೆ ಅದನ್ನ ಪರೀಕ್ಷೆ ಮಾಡಿ ಹೇಳಬೇಕು. "ಬ್ಲ್ಯಾಕ್ ಪ್ಯಾಂಥರ್" ನಟ ಚಾಡ್ವಿಕ್ ಬೋಸ್‌ಮನ್ ಈ ಕ್ಯಾನ್ಸರ್‌ನಿಂದ 2020ರಲ್ಲಿ ತೀರಿಕೊಂಡಾಗ ವಯಸ್ಸು 43. ಪಾಲಿಪ್ ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಬೇಕು. ಅಷ್ಟರಲ್ಲಿ ಸಿಕ್ಕರೆ ತೆಗೆದು ಬಿಸಾಕಬಹುದು.

ರಕ್ತ ಕಂಡ್ರೆ, ಕಾರಣವಿಲ್ಲದೆ ಹಿಮೋಗ್ಲೋಬಿನ್ ಇಳಿದ್ರೆ, ಮಲದ ಅಭ್ಯಾಸ ಬದಲಾಗಿ ವಾರಗಟ್ಟಲೆ ಹಾಗೇ ಇದ್ರೆ ವೈದ್ಯರ ಹತ್ರ ಹೋಗಿ. ಊರಿಗೆ ಫೋನ್ ಮಾಡಿದಾಗ ಮನೇಲಿ ಯಾರಿಗಾದ್ರೂ ಕರುಳಿನ ಕ್ಯಾನ್ಸರ್ ಇತ್ತಾ ಅಂತಲೂ ಕೇಳಿ. ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಬಂದಿದ್ರೆ ನಿಮ್ಮ ತಪಾಸಣೆ 40ನೇ ವಯಸ್ಸಿಗೇ ಶುರುವಾಗಬೇಕು, ಕೆಲವೊಮ್ಮೆ ಅದಕ್ಕೂ ಮೊದಲೇ. ಎಳನೀರು ಕುಡೀರಿ, ಬೇಡ ಅನ್ನಲ್ಲ; ಡಾಕ್ಟರಿಗೆ ತೋರಿಸಿಕೊಂಡು ಬಂದು ಕುಡೀರಿ.