ಕರೆಯಲು ಬಂದವರು

ನಾನು ಇದೇ ಚಿಕ್ಕಪೇಟೆಯಲ್ಲಿ ಸೀರೆ ವ್ಯಾಪಾರ ಮಾಡುವವನು. ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿಬರುವುದನ್ನು ಚಿಕ್ಕಂದಿನಿಂದ ಕಂಡಿದ್ದೇನೆ. 2022ರಲ್ಲಿ ಆ ಭೇಟಿ ನಿಲ್ಲಬೇಕೆಂಬ ಒತ್ತಾಯ ಎದ್ದಿತು. ಜಾತ್ರೆಗಳಲ್ಲಿ ಮುಸ್ಲಿಮರಿಗೆ ಅಂಗಡಿ ಕೊಡಬಾರದೆಂಬ ಕೂಗೂ ಆಗಲೇ ಕೇಳಿಬಂತು. ದರ್ಗಾದವರು ಜಗಳಕ್ಕೆ ಹೋಗಲಿಲ್ಲ. ತಾವೇ ಗುಡಿಗೆ ಬಂದು, ವಾಡಿಕೆಯಂತೆ ಕರಗ ಬರಲಿ ಎಂದು ಕರೆದರು. ಗುಡಿಯವರೂ ವಾಡಿಕೆ ಬಿಡಲಿಲ್ಲ. ಆ ಏಪ್ರಿಲ್‌ನಲ್ಲೂ ಕರಗ ದರ್ಗಾಕ್ಕೆ ಹೋಯಿತು.

ನಾನೇನು ಮಾಡಿದೆ? ಗಲ್ಲಾದ ಮುಂದೆ ಸುಮ್ಮನೆ ಕುಳಿತಿದ್ದೆ. ನಮ್ಮ ಸೀರೆಗಳಿಗೆ ಕುಚ್ಚು ಕಟ್ಟುವ ಮುಸ್ಲಿಂ ತಾಯಿಯೊಬ್ಬರು, "ಅಣ್ಣಾ, ನಮ್ಮ ಕೆಲಸಾನೂ ನಿಲ್ಲುತ್ತಾ?" ಎಂದು ಕೇಳಿದರು. ಇಲ್ಲವೆಂದೆ. ಆದರೆ ಆ ಮಾತನ್ನು ಬೀದಿಯಲ್ಲಿ ನಿಂತು ಹೇಳಲಿಲ್ಲ. ಅದು ಇಂದಿಗೂ ಚುಚ್ಚುತ್ತದೆ.

ಕಾಯಕವನ್ನು ಪೂಜೆಯೆಂದವರ ಮಕ್ಕಳು ನಾವು. ಇನ್ನೊಬ್ಬರ ಕಾಯಕ ಕಿತ್ತುಕೊಳ್ಳುವಾಗ ಸುಮ್ಮನಿದ್ದರೆ ನಮ್ಮ ಇಷ್ಟಲಿಂಗ ಪೂಜೆಗೆ ಅರ್ಥವೇನು? ಉದ್ಯೋಗದ ಹಕ್ಕು ಸಂವಿಧಾನದ 19ನೇ ವಿಧಿಯಲ್ಲಿದೆ. ನಮಗೂ ಅವರಿಗೂ ಅದು ಒಂದೇ.

ಕರಗದ ಹುಣ್ಣಿಮೆ ಕಳೆದು ಮೂರು ವಾರದೊಳಗೆ ಬಸವ ಜಯಂತಿ ಬರುತ್ತದೆ. ಈ ಸಲ ಕರೆಯಲು ನಾವು ಹೋಗೋಣ.