ಮೇಘಯಂತ್ರವೂ ಸಂಸ್ಥೆಗಳ ಕಾರ್ಯಲಾಘವವೂ

(ಶ್ರೀಮಠದ ವಜ್ರಮಹೋತ್ಸವದಲ್ಲಿ ನೆರೆದ ಭಕ್ತಸಭೆಯ ಮುಂದೆ ಮಠದ ಪಂಡಿತರು ಮಾಡಿದ ಉಪನ್ಯಾಸ)

 

ಪಾಠಶಾಲೆಯಲ್ಲಿ ಅಮರಕೋಶವನ್ನೂ ಶಬ್ದಮಂಜರಿಯನ್ನೂ ಬಾಯಿಪಾಠ ಮಾಡಿ ಬೆಳೆದ ನನಗೆ ಗಣಕಯಂತ್ರದ ವಿಷಯವಾಗಿ ನಾಲ್ಕು ಮಾತುಗಳನ್ನು ಆಡಬೇಕೆಂದು ಶ್ರೀಗಳವರು ಅಪ್ಪಣೆ ಕೊಡಿಸಿದಾಗ ಅಂಜಿಕೆಯೇ ಆಯಿತು. ಆದರೆ ಅಪ್ಪಣೆಗೆ ಕಾರಣವುಂಟು. ಶ್ರೀಮಠದ ಶಾಲೆ, ಪ್ರಸಾದನಿಲಯ, ದಾಸೋಹದ ಉಗ್ರಾಣ, ತಾಳೆಗರಿಯ ಭಂಡಾರ, ಇವೆಲ್ಲವುಗಳ ಲೆಕ್ಕಪತ್ರಗಳನ್ನು ‘ಕ್ಲೌಡ್’ ಎಂದು ಕರೆಯಲ್ಪಡುವ ವ್ಯವಸ್ಥೆಗೆ ಒಪ್ಪಿಸಬೇಕೆಂಬ ಸೂಚನೆಯು ಆಡಳಿತ ಮಂಡಲಿಯ ಮುಂದೆ ಬಂದಿರುವುದು. ಇದರಿಂದ ಮಠದ ಕಾರ್ಯಭಾರವೆಲ್ಲ ಹಗುರವಾಗುವುದೆಂದು ಕೆಲವರು ಹೇಳುವರು. ಮಠದ ಸೊತ್ತು ಪರಹಸ್ತವಾಗುವುದೆಂದು ಕೆಲವರು ಹೇಳುವರು. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿರುವುದು. ಯಾವುದನ್ನು ಪರರಿಗೆ ಒಪ್ಪಿಸಬಹುದು, ಯಾವುದನ್ನು ಎಂದಿಗೂ ಒಪ್ಪಿಸಕೂಡದು ಎಂಬುದನ್ನು ವಿಚಾರಿಸಿ ನೋಡುವುದೇ ನನ್ನ ಈ ಹೊತ್ತಿನ ಕೆಲಸ.

ಮೊದಲು ನನ್ನ ಅನುಭವಕ್ಕೆ ಬಂದ ಒಂದು ಸಂಗತಿಯನ್ನು ಭಿನ್ನವಿಸುವೆನು. ಕೆಲವು ವರ್ಷಗಳ ಹಿಂದೆ ನಿಲಯದ ಮೇಲ್ವಿಚಾರಣೆಯು ನನ್ನ ಪಾಲಿಗೆ ಇದ್ದಿತು. ಮಾಘಮಾಸದ ಒಂದು ರಾತ್ರಿ ಏಳನೆಯ ತರಗತಿಯ ಹುಡುಗನೊಬ್ಬನಿಗೆ ಜ್ವರವೇರಿ ಮೈಮೇಲೆ ಎಚ್ಚರ ತಪ್ಪಿತು. ಕೂಡಲೆ ಆಸ್ಪತ್ರೆಗೆ ಸೇರಿಸಿದೆವು. ತಾಯಿಗೆ ತಿಳಿಸೋಣವೆಂದು ನಿಲಯದ ದಾಖಲೆಯನ್ನು ತೆರೆದರೆ ಅದರಲ್ಲಿದ್ದ ದೂರವಾಣಿಯ ಸಂಖ್ಯೆಯು ಎಂದೋ ನಿಂತುಹೋಗಿದ್ದಿತು. ಊರಿಗೆ ಆಳನ್ನು ಕಳುಹಿಸಿದರೆ, ಆಕೆಯು ಕಬ್ಬು ಕಡಿಯುವ ಕೂಲಿಗೆಂದು ಬೇರೆ ಸೀಮೆಗೆ ಹೋಗಿದ್ದಳು. ಮೂರನೆಯ ದಿವಸ ಬಂದು ಸೇರಿದ ಆ ತಾಯಿಯು, ದೇವರ ದಯದಿಂದ ಚೇತರಿಸಿಕೊಂಡಿದ್ದ ಮಗನ ತಲೆಯನ್ನು ನೇವರಿಸುತ್ತ, “ಅಯ್ಯನವರ, ಹೊಸಾ ನಂಬರ ಸಾಲಿಗೆ ಕೊಟ್ಟಿದ್ನೆಲ್ರೀ. ಸಾಲಿನೂ ಮಠದ್ದ ಐತಲ್ರೀ?” ಎಂದಳು. ನೋಡಿದರೆ ಶಾಲೆಯ ದಾಖಲೆಯಲ್ಲಿ ಹೊಸ ಸಂಖ್ಯೆಯು ಇದ್ದೇ ಇದ್ದಿತು. ಶಾಲೆಗೂ ನಿಲಯಕ್ಕೂ ನಡುವೆ ಇರುವುದು ಒಂದು ಗೋಡೆ. ಆ ತಾಯಿಗೆ ಉತ್ತರ ಕೊಡಲಾರದೆ ನಾನು ತಲೆ ತಗ್ಗಿಸಿದೆನು. ನಮ್ಮಲ್ಲಿ ಯಂತ್ರಕ್ಕೆ ಕೊರತೆಯಿರಲಿಲ್ಲ. ಶಾಲೆಯಲ್ಲಿಯೂ ಒಂದು ಗಣಕಯಂತ್ರ, ನಿಲಯದಲ್ಲಿಯೂ ಒಂದು ಗಣಕಯಂತ್ರ ಇದ್ದವು. ಒಂದು ಯಂತ್ರಕ್ಕೆ ತಿಳಿದದ್ದು ಮತ್ತೊಂದಕ್ಕೆ ತಿಳಿಯುತ್ತಿರಲಿಲ್ಲ.

ಈ ಪ್ರಶ್ನೆಯು ಮನಸ್ಸಿನಲ್ಲಿ ಕೊರೆಯುತ್ತಿರಲು, ಕಾರ್ಯಾಂತರದಿಂದ ಮೂಡುಬಿದಿರೆಯ ಸೀಮೆಗೆ ಹೋಗಬೇಕಾಯಿತು. ಮೂಡುಬಿದಿರೆಯಿಂದ ಮಂಗಳೂರಿನ ಹಾದಿಯಲ್ಲಿ ಮಿಜಾರು ಎಂಬ ಗ್ರಾಮವಿರುವುದು. ಅಲ್ಲಿ 2008ರಲ್ಲಿ ಸ್ಥಾಪಿತವಾದ ಆಳ್ವಾಸ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಮ್ಮ ನಿಲಯದ ಹಳೆಯ ವಿದ್ಯಾರ್ಥಿಯೊಬ್ಬನು ಗಣಕಶಾಸ್ತ್ರವನ್ನು ಓದುತ್ತಿದ್ದನು. ಆಷಾಢದ ಮಳೆಯು ಎಡೆಬಿಡದೆ ಸುರಿಯುತ್ತಿದ್ದಾಗ, ಮಾಡಿನ ಕೆಳಗೆ ಕುಳಿತು ನಾನು ಅವನನ್ನು, “ಮೋಡದಲ್ಲಿ ಲೆಕ್ಕವಿಡುವುದೆಂದರೇನಪ್ಪ?” ಎಂದು ಕೇಳಿದೆನು. ಅವನು ನಗುತ್ತ, “ಅಜ್ಜಾರೇ, ಮೋಡವೆಂಬುದು ಹೆಸರು ಮಾತ್ರ. ಎಲ್ಲಿಯೋ ಒಂದು ಭದ್ರವಾದ ಕಟ್ಟಡದಲ್ಲಿ ಸಾವಿರಾರು ಯಂತ್ರಗಳನ್ನು ಇಟ್ಟಿರುತ್ತಾರೆ. ನಮಗೆ ಬೇಕಾದಾಗ ಬೇಕಾದಷ್ಟನ್ನು ತಂತಿಯ ಮೂಲಕ ಬಾಡಿಗೆಗೆ ಪಡೆಯುತ್ತೇವೆ,” ಎಂದು ಹೇಳಿದನು. ಶಿಷ್ಯನಾಗಿದ್ದವನು ಅಂದು ನನಗೆ ಗುರುವಾದನು.

ಅವನಿಂದ ತಿಳಿದುದನ್ನೂ ಆಮೇಲೆ ಓದಿಕೊಂಡುದನ್ನೂ ಸಂಕ್ಷೇಪವಾಗಿ ಹೇಳುವೆನು. ಹಿಂದೆ ಪ್ರತಿಯೊಂದು ಸಂಸ್ಥೆಯೂ ತನ್ನ ಯಂತ್ರವನ್ನು ತಾನೇ ಕೊಂಡು, ತಾನೇ ಕಾಯ್ದುಕೊಳ್ಳಬೇಕಾಗಿದ್ದಿತು. 2006ರಲ್ಲಿ ಅಮೆರಿಕದ ಅಮೆಜಾನ್ ಎಂಬ ವ್ಯಾಪಾರಸಂಸ್ಥೆಯು ತನ್ನ ಯಂತ್ರಶಕ್ತಿಯನ್ನು ಇತರರಿಗೆ ಬಾಡಿಗೆಗೆ ಕೊಡಲು ಮೊದಲುಮಾಡಿತು. 2011ರಲ್ಲಿ ಆ ದೇಶದ ಸರಕಾರದ ಪ್ರಮಾಣಸಂಸ್ಥೆಯು ಈ ವ್ಯವಸ್ಥೆಗೆ ಐದು ಲಕ್ಷಣಗಳನ್ನು ನಿರ್ಣಯಿಸಿತು: ಬೇಕಾದಾಗ ತಾನೇ ತೆಗೆದುಕೊಳ್ಳಬಹುದಾದುದು, ಎಲ್ಲಿಂದಲಾದರೂ ದೊರೆಯುವುದು, ಅನೇಕರು ಒಂದೇ ಭಂಡಾರವನ್ನು ಹಂಚಿಕೊಳ್ಳುವುದು, ಅಗತ್ಯಕ್ಕೆ ತಕ್ಕಂತೆ ಬೇಗನೆ ಹಿಗ್ಗುವುದು ಕುಗ್ಗುವುದು, ಬಳಸಿದಷ್ಟನ್ನು ಅಳೆದು ಲೆಕ್ಕವಿಡುವುದು. ಮನೆಯ ವಿದ್ಯುತ್ತಿನ ಮೀಟರನ್ನು ಬಲ್ಲವರಿಗೆ ಕಡೆಯ ಲಕ್ಷಣವು ಸುಲಭವಾಗಿ ತಿಳಿಯುವುದು. ದೀಪವನ್ನು ಆರಿಸಲು ಮರೆತರೆ ಹಣವನ್ನು ತೆರಬೇಕಾಗುವಂತೆ, ಇಲ್ಲಿಯೂ ಬೇಡದ ಯಂತ್ರವನ್ನು ನಿಲ್ಲಿಸಲು ಮರೆತರೆ ಬಾಡಿಗೆ ಏರುವುದು. ಇದು ದಾನವಲ್ಲ, ವ್ಯಾಪಾರವೆಂಬುದನ್ನು ನೆನಪಿನಲ್ಲಿಡಬೇಕು.

ಇನ್ನು ‘ಸೇವಾಧಾರಿತ ರಚನೆ’ ಎಂಬ ಎರಡನೆಯ ಮಾತು. ಇದನ್ನು ತಿಳಿಯಲು ನಾವು ದೂರ ಹೋಗಬೇಕಾದುದಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹವನ್ನು ತಮ್ಮಲ್ಲಿ ಅನೇಕರು ಕಂಡಿರುವಿರಿ. ಲಕ್ಷೋಪಲಕ್ಷ ಜನರಿಗೆ ಬೇಕಾಗುವ ರೊಟ್ಟಿಯನ್ನೆಲ್ಲ ಮಠದ ಒಲೆಗಳಲ್ಲಿಯೇ ಸುಡಬೇಕಾದರೆ, ಕೆಲವು ದಿವಸಗಳ ಜಾತ್ರೆಗಾಗಿ ವರ್ಷವಿಡೀ ಸಾವಿರಾರು ಒಲೆಗಳನ್ನು ಸಾಕಬೇಕಾದೀತು. ಹಾಗೆ ಮಾಡದೆ, ಸುತ್ತಲಿನ ಹಳ್ಳಿಗಳ ಮನೆಮನೆಯ ತಾಯಂದಿರು ತಮ್ಮ ತಮ್ಮ ಹೆಂಚಿನ ಮೇಲೆ ಜೋಳದ ರೊಟ್ಟಿಯನ್ನು ಸುಟ್ಟು ಬಂಡಿ ಟ್ರ್ಯಾಕ್ಟರುಗಳಲ್ಲಿ ತಂದು ಒಪ್ಪಿಸುವರು. ಜಾತ್ರೆ ಬಂದಾಗ ಒಲೆಗಳು ಹೆಚ್ಚುವುವು, ಮುಗಿದಾಗ ಮನೆಯ ಒಲೆಗಳಾಗಿಯೇ ಉಳಿಯುವುವು. ಕ್ಲೌಡಿನ ಹಿಗ್ಗುವ ಕುಗ್ಗುವ ಗುಣವು ಇದೇ.

ಅಲ್ಲದೆ ಮತ್ತೊಂದು ಸೂಕ್ಷ್ಮವನ್ನು ನೋಡಿರಿ. ರೊಟ್ಟಿಯನ್ನು ಕೊಟ್ಟ ಮನೆಯ ಒಲೆಯು ಮಣ್ಣಿನದೋ ಗ್ಯಾಸಿನದೋ ಎಂದು ಉಗ್ರಾಣದವರು ಕೇಳುವುದಿಲ್ಲ. ಯಾವ ಪದಾರ್ಥವನ್ನು, ಯಾವ ರೀತಿಯಲ್ಲಿ, ಯಾವ ಹೊತ್ತಿಗೆ ಕೊಡಬೇಕೆಂಬುದು ಗೊತ್ತಾಗಿದ್ದರೆ ಸಾಕು. ನಾಳೆ ಆ ಮನೆಯವರು ಒಲೆಯನ್ನು ಬದಲಾಯಿಸಿದರೂ ದಾಸೋಹವು ನಿಲ್ಲದು. ಇದರಂತೆಯೇ ಒಂದು ಸಂಸ್ಥೆಯ ಕೆಲಸವನ್ನು ಸಣ್ಣ ಸಣ್ಣ ಸೇವೆಗಳಾಗಿ ವಿಭಾಗಿಸಿ, ಪ್ರತಿಯೊಂದು ಸೇವೆಯೂ ಏನನ್ನು ಕೇಳುವುದು, ಏನನ್ನು ಕೊಡುವುದು ಎಂಬ ಕರಾರನ್ನು ನಿಶ್ಚಯಿಸಿ, ಒಂದು ಇನ್ನೊಂದನ್ನು ಕೇಳಿ ಕೆಲಸ ಮಾಡುವಂತೆ ಏರ್ಪಡಿಸುವುದೇ ಸೇವಾಧಾರಿತ ರಚನೆ. ಒಂದನ್ನು ತಿದ್ದಲು ಎಲ್ಲವನ್ನೂ ಕೆಡವಬೇಕಾಗದು. ಸಂಸ್ಥೆಗೆ ಲಾಘವ ಬರುವುದು ಇದರಿಂದ. ಕರಾರೇ ಗೊತ್ತಿಲ್ಲದ ಮನೆಯು ಎಷ್ಟು ದೊಡ್ಡ ಯಂತ್ರವನ್ನು ಬಾಡಿಗೆಗೆ ತಂದರೂ ಹಳೆಯ ಗೊಂದಲವು ಹೊಸ ಕಟ್ಟಡಕ್ಕೆ ಹೋಗಿ ಸೇರುವುದಷ್ಟೆ.

ನಮ್ಮ ರಾಜ್ಯದ ಭೂದಾಖಲೆಗಳ ಇತಿಹಾಸವು ಇದಕ್ಕೆ ಒಳ್ಳೆಯ ನಿದರ್ಶನವಾಗಿರುವುದು. ಹಿಂದೆ ಪಹಣಿಯು ಸುಮಾರು 9 ಸಾವಿರ ಗ್ರಾಮಲೆಕ್ಕಿಗರ ಕೈಬರಹದಲ್ಲಿ ಇರುತ್ತಿದ್ದಿತು. ರೈತನು ಒಂದು ಪ್ರತಿಗಾಗಿ ಎಷ್ಟು ದಿನ ಅಲೆಯಬೇಕಾಗುತ್ತಿದ್ದಿತೆಂಬುದನ್ನು ಹಿರಿಯರು ಬಲ್ಲರು. 2000ದ ಸುಮಾರಿಗೆ ಕಂದಾಯ ಇಲಾಖೆಯ ‘ಭೂಮಿ’ ಯೋಜನೆಯಿಂದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಆಗ 15 ರೂಪಾಯಿ ಕೊಟ್ಟರೆ ತಾಲ್ಲೂಕಿನ ಕಚೇರಿಯಲ್ಲಿ ಪಹಣಿಯು ದೊರೆಯುವಂತಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೀರಿಸಬೇಕೆಂಬ ಕಟ್ಟು ಏರ್ಪಟ್ಟಿತು. ಅಂದಿನ ವ್ಯವಸ್ಥೆಯಲ್ಲಿ ತಾಲ್ಲೂಕು ತಾಲ್ಲೂಕಿಗೆ ಬೇರೆ ಬೇರೆ ಯಂತ್ರಗಳಿದ್ದು, ತರುವಾಯ ಬೆಂಗಳೂರಿನ ರಾಜ್ಯದ ದತ್ತಾಂಶಕೇಂದ್ರದಲ್ಲಿ ಎಲ್ಲವೂ ಒಂದೆಡೆ ಸೇರಿದವು. 2003ರ ಹೊತ್ತಿಗೆ ನೋಂದಣಿ ಇಲಾಖೆಯು ‘ಕಾವೇರಿ’ ಎಂಬ ವ್ಯವಸ್ಥೆಯನ್ನು ಮಾಡಿಕೊಂಡಿತು. ಇವೆರಡೂ ಒಂದನ್ನೊಂದು ಅರಿಯುವಂತಾದ ಮೇಲೆ, ಕ್ರಯಪತ್ರವು ನೋಂದಣಿಯಾದೊಡನೆ ಅದರ ಸುದ್ದಿಯು ಖಾತೆ ಬದಲಾವಣೆಗಾಗಿ ಕಂದಾಯ ಇಲಾಖೆಗೆ ತಾನಾಗಿಯೇ ಹೋಗುವುದು. ‘ಫ್ರೂಟ್ಸ್’ ಎಂಬ ಮತ್ತೊಂದು ವ್ಯವಸ್ಥೆಯಲ್ಲಿ ರೈತನು ಒಮ್ಮೆ ಹೆಸರು ಬರೆಸಿದರೆ, ಕೃಷಿ, ತೋಟಗಾರಿಕೆ, ರೇಷ್ಮೆ ಮೊದಲಾದ ಇಲಾಖೆಗಳು ಅದೇ ದಾಖಲೆಯನ್ನು ನೋಡಿ ಸಹಾಯವನ್ನು ಕೊಡುವುವು.

ಯಂತ್ರದ ಜೊತೆಗೆ ಮಾತಿನ ಕಟ್ಟೂ ಬೇಕಷ್ಟೆ. 2011ರಲ್ಲಿ ಶಾಸನವಾಗಿ 2012ರ ಏಪ್ರಿಲ್ 2ರಂದು ರಾಜ್ಯವೆಲ್ಲ ಜಾರಿಗೆ ಬಂದ ‘ಸಕಾಲ’ವು, ಮೊದಲಿಗೆ 11 ಇಲಾಖೆಗಳ 151 ಸೇವೆಗಳಿಗೆ ಇಂತಿಷ್ಟು ದಿವಸವೆಂದು ಗಡುವನ್ನು ಗೊತ್ತುಪಡಿಸಿತು. ಪ್ರಜೆಗೆ ಕೊಟ್ಟ ಮಾತು ಕಾಗದದ ಮೇಲೆ ನಿಂತಿತು. ಕೇಂದ್ರ ಸರಕಾರವೂ 2014ರಲ್ಲಿ ತನ್ನ ಇಲಾಖೆಗಳಿಗಾಗಿ ಒಂದು ಕ್ಲೌಡನ್ನು ಏರ್ಪಡಿಸಿ ಅದಕ್ಕೆ ‘ಮೇಘರಾಜ’ನೆಂದು ಹೆಸರಿಟ್ಟಿತು.

ಇಷ್ಟು ಗುಣಗಳನ್ನು ಹೇಳಿದ ಮೇಲೆ ದೋಷವನ್ನು ಮುಚ್ಚಿಡುವುದು ಧರ್ಮವಲ್ಲ. ಎಲ್ಲವನ್ನೂ ಒಂದೆಡೆ ಸೇರಿಸಿದಾಗ ಆ ಒಂದೆಡೆಗೆ ಕೇಡು ಬಂದರೆ ಎಲ್ಲರಿಗೂ ಕೇಡು. ‘ಸರ್ವರ್ ಇಲ್ಲ’ ಎಂಬ ಮಾತನ್ನು ಕೇಳಿ ಪಡಿತರದ ಅಂಗಡಿಯಿಂದ ಬರಿಗೈಯಲ್ಲಿ ಹಿಂದಿರುಗಿದವರು ಈ ಸಭೆಯಲ್ಲಿಯೇ ಇರಬಹುದು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ದೇಜಾನ್ ನಗರದಲ್ಲಿ, ಆ ಸರಕಾರದ ದತ್ತಾಂಶಕೇಂದ್ರಕ್ಕೆ ಬೆಂಕಿ ಬಿದ್ದು 709 ವ್ಯವಸ್ಥೆಗಳು ನಿಂತುಹೋದವು. ಅಧಿಕಾರಿಗಳು ತಮ್ಮ ಕಡತಗಳನ್ನು ಇಡುತ್ತಿದ್ದ ಒಂದು ಭಂಡಾರಕ್ಕೆ ಬೇರೆಡೆ ಪ್ರತಿಯೇ ಇಲ್ಲದುದರಿಂದ ಅದು ಸುಟ್ಟು ನಾಶವಾಯಿತು. ಯಂತ್ರವಿದ್ಯೆಯಲ್ಲಿ ಅಷ್ಟು ಮುಂದುವರಿದ ದೇಶಕ್ಕೂ ಎರಡನೆಯ ಪ್ರತಿಯನ್ನು ಮಾಡಿಡುವುದು ತಪ್ಪಿಹೋಯಿತು.

ಈ ಪಾಠವನ್ನು ನಾನು ಮಿಜಾರಿಗೆ ಹೋದಾಗಲೇ ಬೇರೊಂದು ರೀತಿಯಲ್ಲಿ ಕಲಿತಿದ್ದೆನು. ಅಲ್ಲಿಗೆ ಸಮೀಪದ ಮೂಡುಬಿದಿರೆಯ ಗುರುಬಸದಿಯಲ್ಲಿ ಜೈನರ ಧವಲ, ಜಯಧವಲ, ಮಹಾಧವಲಗಳೆಂಬ ಸಿದ್ಧಾಂತಗ್ರಂಥಗಳು ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಶತಮಾನಗಳ ಕಾಲ ಭದ್ರವಾಗಿದ್ದವು. ಕಾಪಾಡಿದವರ ಭಕ್ತಿಯು ದೊಡ್ಡದು. ಆದರೂ ಗೆದ್ದಲಿಗಾಗಲಿ ಬೆಂಕಿಗಾಗಲಿ ಅವು ಆಹುತಿಯಾಗಿದ್ದರೆ ಮತ್ತೆ ಎಲ್ಲಿಂದ ತರುವುದು? ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಅವುಗಳಿಗೆ ಪ್ರತಿಗಳಾಗಿ, 1939ರಿಂದ ಮುದ್ರಣವಾಗತೊಡಗಿದ ಮೇಲೆ ಆ ಭಯವು ನೀಗಿತು. ನಮ್ಮ ವಚನಗಳ ಕಥೆಯೂ ಇಂತಹುದೇ. ಅವು ಮಠಮಠಗಳಲ್ಲಿ, ಮನೆಮನೆಗಳ ಜಗುಲಿಗಳ ಮೇಲೆ ಹಂಚಿಹೋಗಿದ್ದುದರಿಂದಲೇ ಪೂಜ್ಯ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಕಟ್ಟುಗಳನ್ನು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತರಲು ಸಾಧ್ಯವಾಯಿತು. ಒಂದೇ ಪೆಟ್ಟಿಗೆಯಲ್ಲಿ ಇದ್ದಿದ್ದರೆ ನಮ್ಮ ಪಾಲಿಗೆ ಏನು ಉಳಿಯುತ್ತಿದ್ದಿತು?

ಎರಡನೆಯ ಎಚ್ಚರಿಕೆಯು ಹೊಣೆಯನ್ನು ಕುರಿತುದು. 2023ರಲ್ಲಿ ನಮ್ಮ ದೇಶದಲ್ಲಿ ಅಂಗೀಕೃತವಾದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಶಾಸನವು ಒಂದು ಮಾತನ್ನು ಸ್ಪಷ್ಟವಾಗಿ ವಿಧಿಸಿರುವುದು. ಜನರ ವಿವರಗಳನ್ನು ಪಡೆದುಕೊಂಡ ಸಂಸ್ಥೆಯು, ಅವುಗಳ ಕೆಲಸವನ್ನು ಮತ್ತೊಬ್ಬರಿಂದ ಮಾಡಿಸಿದರೂ, ಹೊಣೆಯಿಂದ ಬಿಡುಗಡೆ ಹೊಂದಲಾರದು. ನಮ್ಮ ನಿಲಯದ ಮಕ್ಕಳ ಹೆಸರು, ಜಾತಿ, ಆದಾಯ, ರೋಗರುಜಿನಗಳ ವಿವರಗಳನ್ನು ತಂದೆತಾಯಿಗಳು ಕಾವಿಯನ್ನು ನಂಬಿ ಕೊಟ್ಟಿರುವರೇ ಹೊರತು ಯಾವ ಕಂಪನಿಯನ್ನೂ ನಂಬಿ ಕೊಟ್ಟುದಲ್ಲ. ರೊಟ್ಟಿಯು ಸಾವಿರ ಮನೆಗಳಿಂದ ಬಂದರೂ ಪಂಕ್ತಿಯಲ್ಲಿ ಕುಳಿತವನು ಹಸಿದು ಏಳದಂತೆ ನೋಡಿಕೊಳ್ಳಬೇಕಾದುದು ಮಠವೇ ಅಲ್ಲವೆ?

ಆದಕಾರಣ ಆಡಳಿತ ಮಂಡಲಿಯವರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಯಂತ್ರವನ್ನು ಬಾಡಿಗೆಗೆ ಹಿಡಿಯುವುದಕ್ಕೆ ಮುಂಚೆ ನಮ್ಮ ಶಾಲೆ, ನಿಲಯ, ಉಗ್ರಾಣ, ಭಂಡಾರಗಳು ಯಾರಿಗೆ ಏನನ್ನು ಎಷ್ಟು ಹೊತ್ತಿನಲ್ಲಿ ಕೊಡಬೇಕೆಂಬುದನ್ನು ಕುಳಿತು ಬರೆದುಕೊಳ್ಳೋಣ. ಒಂದು ಮಗುವಿಗೆ ಒಂದೇ ದಾಖಲೆಯಿರಲಿ; ಅದನ್ನು ತಿದ್ದುವ ಅಧಿಕಾರ ಒಬ್ಬರಿಗಿರಲಿ; ಉಳಿದ ವಿಭಾಗಗಳು ತಮಗೆ ಬೇಕಾದಷ್ಟನ್ನು ಮಾತ್ರ ಅದರಿಂದ ಕೇಳಿ ತಿಳಿಯಲಿ. ಅಡುಗೆಯವನಿಗೆ ಎಷ್ಟು ಎಲೆಯೆಂಬುದು ಸಾಕು. ಮಗುವಿನ ಮನೆಯ ಆದಾಯವು ಬೇಡ. ಬಾಡಿಗೆಯ ಕರಾರಿನಲ್ಲಿ, ನಾವು ಬಿಟ್ಟುಹೋಗುವ ದಿನ ನಮ್ಮ ದಾಖಲೆಗಳೆಲ್ಲವೂ ಬೇರೆಯವರು ಓದಬಲ್ಲ ರೂಪದಲ್ಲಿ ನಮ್ಮ ಕೈಗೆ ಬರುವಂತೆ ಬರೆಯಿಸೋಣ. ಒಂದು ಪ್ರತಿಯನ್ನು ಬೇರೊಂದು ಊರಿನಲ್ಲಿ ಇಟ್ಟು, ವರ್ಷಕ್ಕೊಮ್ಮೆಯಾದರೂ ತೆರೆದು, ಓದಲು ಬರುವುದೋ ಎಂದು ಪರೀಕ್ಷಿಸೋಣ. ತಾಳೆಗರಿಗಳ ಚಿತ್ರಗಳು ಕ್ಲೌಡಿಗೆ ಹೋಗಲಿ. ಗರಿಗಳು ಮಾತ್ರ ಭಂಡಾರದಲ್ಲಿಯೇ ಇರಲಿ. ವಿದ್ಯುತ್ತು ಹೋದ ರಾತ್ರಿಯಲ್ಲಿಯೂ ಕೈಗೆ ಸಿಕ್ಕುವಂತೆ ಮಕ್ಕಳ ಮನೆಯವರ ಸಂಖ್ಯೆಗಳನ್ನು ಒಂದು ಕಾಗದದಲ್ಲಿ ಬರೆದು ನಿಲಯದ ಗೋಡೆಯ ಪೆಟ್ಟಿಗೆಯಲ್ಲಿ ಬೀಗ ಹಾಕಿಡೋಣ. ಇದಕ್ಕೆ ಖರ್ಚೇನೂ ಇಲ್ಲ.

ಕಾಯಕವನ್ನು ಹಂಚಿಕೊಳ್ಳುವುದೂ, ಗಳಿಸಿದುದನ್ನು ಸಮಾಜಕ್ಕೆ ಒಪ್ಪಿಸುವುದೂ ನಮ್ಮ ಶರಣರು ತೋರಿದ ದಾರಿ. ಅದರಲ್ಲಿ ನಡೆಯುವವರಿಗೆ ಈ ಹೊಸ ವಿದ್ಯೆಯು ಪರಕೀಯವೆನಿಸಬೇಕಾದುದಿಲ್ಲ. ಆ ತಾಯಿಯ ಮಗನು ಈಗ ಹತ್ತನೆಯ ತರಗತಿಯನ್ನು ಮುಗಿಸಿ ಮುಂದೆ ಓದುತ್ತಿರುವನು. ಅವಳು ಕೇಳಿದ ಮಾತನ್ನು ಮತ್ತೊಬ್ಬ ತಾಯಿಯು ಈ ಮಠದ ಅಂಗಳದಲ್ಲಿ ಕೇಳದಂತಾದರೆ ಈ ಉದ್ಯಮವೆಲ್ಲ ಸಾರ್ಥಕವಾದಂತೆಯೇ ಸರಿ.

ಅಲ್ಪಜ್ಞನಾದ ನನ್ನ ಮಾತಿನಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಬೇಕು.