ಜೇಬಿನೊಳಗಿನ ಕೈ



ನನ್ನ ಸೋದರಮಾವ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ಕೊನೆಯ ಬೆಂಚಿನವನಿಗೂ ಕಾಣುವಂಥ ದುಂಡನೆಯ ಅಕ್ಷರ ಅವರದು. ನಿವೃತ್ತಿಯಾದ ಮೇಲೆ ಆ ಅಕ್ಷರ ಸಣ್ಣಗಾಗುತ್ತ ಬಂತು. ಹಾಲಿನ ಲೆಕ್ಕ ಬರೆಯಲು ಕೂತರೆ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಅಂಕಿಗಳು ಇರುವೆಗಳಂತೆ ಕಾಣುತ್ತಿದ್ದವು. ನಾವು ಕನ್ನಡಕ ಬದಲಿಸಿದೆವು! ಬಲಗೈ ಹೆಬ್ಬೆರಳು ನಡುಗತೊಡಗಿದಾಗ ನರರೋಗ ತಜ್ಞರಲ್ಲಿಗೆ ಹೋದದ್ದು. ನಡೆಸಿ ನೋಡಿ, ಬೆರಳು ಆಡಿಸಿ ನೋಡಿ, ಪಾರ್ಕಿನ್‌ಸನ್ ಅಂದರು.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ ಇದರ ಬಗ್ಗೆ ಬರೆದ. ನಮ್ಮಲ್ಲಿ ಕಂಪವಾತ ಎನ್ನುತ್ತಾರೆ. ಮಿದುಳಿನಲ್ಲಿ ಡೋಪಮಿನ್ ತಯಾರಿಸುವ ಜೀವಕೋಶಗಳು ನಶಿಸುತ್ತ ಹೋಗುತ್ತವೆ. ಅದಕ್ಕೆ ಲೆವೊಡೋಪ ಮಾತ್ರೆ. ನಸುಗುನ್ನಿ ಬೀಜದಲ್ಲೂ ಅದೇ ಲೆವೊಡೋಪ ಇದೆ ಎಂದು ತಿಳಿದಾಗ ಮಾವ, "ಅಯ್ಯೋ, ಆ ಕಾಯಿಯ ಸುಂಕನ್ನೇ ಅಲ್ವೇನೋ ನಾವು ಮೇಷ್ಟ್ರ ಕುರ್ಚಿಗೆ ಉದುರಿಸ್ತಿದ್ದದ್ದು" ಅಂತ ನಕ್ಕರು. ಹಾಗಂತ ಯಾರೂ ಆ ಬೀಜ ಅರೆದು ಕುಡಿಯಲು ಹೋಗಬೇಡಿ, ಪ್ರಮಾಣ ವೈದ್ಯರಿಗೇ ಬಿಡಿ.

ಅದೇ ಅವರ ಕೊನೆಯ ನಗು ಅನ್ನಿಸುವ ಹಾಗಾಯಿತು ಆಮೇಲೆ. ಮದುವೆ-ಮುಂಜಿ ಬಿಟ್ಟರು. ಪಂಕ್ತಿಯಲ್ಲಿ ಸಾರು ಚೆಲ್ಲಿದರೆ? ಕುಡಿದು ಬಂದಿದ್ದಾನೆ ಅಂದುಕೊಂಡರೆ? ಮನೆಗೆ ಯಾರಾದರೂ ಬಂದರೆ ಬಲಗೈ ಜುಬ್ಬದ ಜೇಬು ಸೇರುತ್ತಿತ್ತು. ಅಡಗಿಸಿದಷ್ಟೂ ಅದು ಹೆಚ್ಚು ನಡುಗುತ್ತಿತ್ತು. ಮುಖದ ಸ್ನಾಯುಗಳು ಬಿಗಿದಿದ್ದರಿಂದ ಬಂದವರಿಗೆ ಮೇಷ್ಟ್ರಿಗೆ ಸಿಟ್ಟು ಬಂದಂತೆ ಕಾಣುತ್ತಿತ್ತು. ಅತ್ತೆಯದು ಒಂದೇ ಮಾತು: "ಮನಸ್ಸು ಗಟ್ಟಿ ಮಾಡ್ಕೊಳ್ರೀ."

ಆ ಮಾತು ಎಷ್ಟು ತಪ್ಪು ಅಂತ ತಿಳಿದದ್ದು ವೈದ್ಯರು ವಿವರಿಸಿದ ಮೇಲೆ. ಈ ಕಾಯಿಲೆಯಲ್ಲಿ ಖಿನ್ನತೆ ಬರೀ ಸುದ್ದಿ ಕೇಳಿದ ದುಃಖವಲ್ಲ. ಕೈ ನಡುಗಿಸುವ ಮಿದುಳಿನ ಬದಲಾವಣೆಗಳಿಗೂ ಅದಕ್ಕೂ ನಂಟಿದೆ. ಕೆಲವರಲ್ಲಿ ನಡುಕ ಶುರುವಾಗುವುದಕ್ಕೆ ವರ್ಷಗಳ ಮುಂಚೆಯೇ ಬರುತ್ತದೆ. ಅದಕ್ಕೂ ಚಿಕಿತ್ಸೆಯಿದೆ. ಸಕ್ಕರೆ ಕಾಯಿಲೆಯವರಿಗೆ ಮನಸ್ಸು ಗಟ್ಟಿ ಮಾಡಿಕೊಂಡು ಸಕ್ಕರೆ ಇಳಿಸಿ ಅಂತ ಹೇಳುತ್ತೇವೆಯೇ? ಅತ್ತೆ ಅವತ್ತು ಆಟೋದಲ್ಲಿ ಕೂತು ಅತ್ತರು. "ಇಷ್ಟು ದಿನ ಬೈದೆನಲ್ಲೋ" ಅಂದರು.

ಈಗ ಮಾವನ ಕಾಲು ಬಾಗಿಲ ಬಳಿ ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ನೆಲದ ಮೇಲೆ ಗೆರೆ ಕಂಡರೆ ದಾಟಲು ಸುಲಭ ಎಂದು ಫಿಸಿಯೋಥೆರಪಿಯವರು ಹೇಳಿಕೊಟ್ಟರು. ಅತ್ತೆ ಅಡುಗೆಮನೆ ಬಾಗಿಲಲ್ಲಿ ಸೀಮೆಸುಣ್ಣದಿಂದ ನಾಲ್ಕು ಅಡ್ಡಗೆರೆ ಎಳೆದಿದ್ದಾರೆ. "ಗೆರೆ ಸೊಟ್ಟಗಿದೆ" ಅಂತ ಮೇಷ್ಟ್ರು ದಿನಾ ತಪ್ಪು ತೆಗೆಯುತ್ತಾರೆ, ದಾಟುತ್ತಾರೆ. ಕೆಲವು ದಿನ ಮಾತೂ ಬೇಡ, ಊಟವೂ ಬೇಡ. ಅಂಥ ದಿನ ಅತ್ತೆ ಸುಮ್ಮನೆ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಾರೆ.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ, ಮುಂದಿನ ಸಲ ವೈದ್ಯರ ಹತ್ತಿರ ಹೋದಾಗ ನಡುಕದ ಜೊತೆಗೆ ಬೇಸರ, ನಿದ್ದೆಗೇಡು, ಅಳುವನ್ನೂ ಹೇಳಿ. ಅಲ್ಲಿಯವರೆಗೆ ಕಾಯಲಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ; ಕನ್ನಡದಲ್ಲೇ ಮಾತಾಡಬಹುದು.